ಕಲ್ಲಿನೊಡಲ ಲೆಕ್ಕ ಬರೆದ ವಿಕ್ಟರ್ ಗೋಲ್ಡ್‌ಶ್ಮಿಟ್

ಬ್ಯಾಂಕಿನ ಕೆಲಸದಲ್ಲಿ ಅರ್ಧ ಆಯುಷ್ಯವನ್ನು ಕಳೆದ ನಮಗೆ ಒರೆಗಲ್ಲು ಅಪರಿಚಿತ ವಸ್ತುವಲ್ಲ. ಆಭರಣದ ಮೇಲೆ ಸಾಲ ಕೇಳಿ ಬಂದವರ ಬಳೆಯನ್ನೋ ಸರವನ್ನೋ ಚಿನ್ನದ ಪರೀಕ್ಷಕರು ಆ ಕಪ್ಪು ಕಲ್ಲಿನ ಮೇಲೆ ಮೆಲ್ಲನೆ ಉಜ್ಜಿ, ಮೂಡಿದ ಗೆರೆಯ ಮೇಲೆ ಆಮ್ಲದ ಹನಿಯಿಟ್ಟು, ಅದರ ಬಣ್ಣವನ್ನು ಕಂಡು ಚಿನ್ನದ ಶುದ್ಧತೆಯನ್ನು ಹೇಳುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಅವರ ಆ ಒಂದು ಮಾತನ್ನು ನೆಚ್ಚಿಕೊಂಡು ಒಂದು ಮನೆಯ ಮದುವೆಯೋ ಮಗನ ಓದೋ ನಿಂತಿರುತ್ತದೆ. ಆದರೆ ಲೋಹವು ಇನ್ನೂ ಒಡವೆಯಾಗದೆ, ಗಟ್ಟಿಯೂ ಆಗದೆ, ನೆಲದಡಿಯ ಬಂಡೆಯಲ್ಲಿ ಕಣ್ಣಿಗೆ ಕಾಣದಂತೆ ಅಡಗಿರುವಾಗ ಅದನ್ನು ಒರೆಗೆ ಹಚ್ಚುವ ಬಗೆ ಯಾವುದು? ಒಂದು ಟನ್ ಕಲ್ಲಿನಲ್ಲಿ ಒಂದು ಗ್ರಾಂ ಇದೆಯೋ ಇಲ್ಲವೋ ಎಂಬುದನ್ನು ಅಳೆದು ಹೇಳುವವರು ಯಾರು? ಎಲ್ಲಕ್ಕಿಂತ ಮಿಗಿಲಾಗಿ, ಆ ಒಂದು ಗ್ರಾಂ ಅಲ್ಲಿಯೇ ಏಕಿದೆ, ಬೇರೆಡೆ ಏಕಿಲ್ಲ?

ಈ ಪ್ರಶ್ನೆಗಳ ಬೆನ್ನು ಹತ್ತಿ ಬಾಳನ್ನೇ ಸವೆಸಿದ ಮಹನೀಯರೊಬ್ಬರನ್ನು ಈ ಸಲ ನಮ್ಮ ಓದುಗರಿಗೆ ಪರಿಚಯಿಸಬಯಸುತ್ತೇವೆ. ಅವರೇ ಆಧುನಿಕ ಭೂರಸಾಯನಶಾಸ್ತ್ರದ ಜನಕರೆಂದು ಜಗತ್ತು ಗೌರವಿಸುವ ವಿಕ್ಟರ್ ಮೊರಿಟ್ಸ್ ಗೋಲ್ಡ್‌ಶ್ಮಿಟ್. ನಾವು ಕಲಾ ವಿಭಾಗದಲ್ಲಿ ಓದಿದವರು. ವಿಜ್ಞಾನದ ಒಳಹೊರಗುಗಳನ್ನು ಬಲ್ಲೆವೆಂಬ ಹಮ್ಮು ನಮಗಿಲ್ಲ. ಆದರೂ ಈ ವಿಜ್ಞಾನಿಯ ಬದುಕನ್ನು ಓದುತ್ತ ಹೋದಂತೆ, ನೆಲ ಬಿಟ್ಟು ನೆಲ ಸೇರಿದ ಕುಟುಂಬವೊಂದರ ಕಥೆಯಾಗಿ ಅದು ನಮ್ಮನ್ನು ತಟ್ಟಿತು. ಹೊರನಾಡಿನಲ್ಲಿ ನೆಲೆನಿಂತ ನಮ್ಮಂತಹವರಿಗೆ ಆ ಕಥೆ ಅಷ್ಟೇನೂ ದೂರದ್ದಲ್ಲ.

ಗೋಲ್ಡ್‌ಶ್ಮಿಟ್ ಎಂದರೆ ಜರ್ಮನ್ ಭಾಷೆಯಲ್ಲಿ ಅಕ್ಕಸಾಲಿಗ ಎಂದೇ ಅರ್ಥ. ಈ ಹೆಸರಿನ ಯಹೂದಿ ಮನೆತನದಲ್ಲಿ 1888ರ ಜನವರಿ 27ರಂದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿ ವಿಕ್ಟರ್ ಜನಿಸಿದರು. ತಂದೆ ಹೈನ್ರಿಕ್ ಗೋಲ್ಡ್‌ಶ್ಮಿಟ್ ರಸಾಯನಶಾಸ್ತ್ರಜ್ಞರು. ತಮ್ಮ ಕ್ಷೇತ್ರದ ಹಿರಿಯರಾದ ವಿಕ್ಟರ್ ಮೇಯರ್ ಅವರ ಮೇಲಿನ ಗೌರವದಿಂದ ಏಕೈಕ ಪುತ್ರನಿಗೆ ಅವರ ಹೆಸರನ್ನೇ ಇಟ್ಟರು. ತಂದೆಗೆ ಹುದ್ದೆ ದೊರೆತೆಡೆಗೆಲ್ಲ ಸಂಸಾರವೂ ಸಾಗಿತು. ಜ್ಯೂರಿಕ್‌ನಿಂದ ಆಮ್‌ಸ್ಟರ್‌ಡ್ಯಾಮ್, ಅಲ್ಲಿಂದ ಜರ್ಮನಿಯ ಹೈಡೆಲ್‌ಬರ್ಗ್, ಕೊನೆಗೆ 1901ರಲ್ಲಿ ನಾರ್ವೆಯ ಕ್ರಿಸ್ಟಿಯಾನಿಯಾ. ಇಂದಿನ ಓಸ್ಲೋ ನಗರಕ್ಕೆ ಅಂದು ಇದ್ದ ಹೆಸರು ಅದು. ಮನೆಯ ಮಾತು ಜರ್ಮನ್, ಬೀದಿಯ ಮಾತು ನಾರ್ವೇಜಿಯನ್. ಬಂದ ನಾಡನ್ನೇ ತಮ್ಮ ನಾಡೆಂದು ಸ್ವೀಕರಿಸಿದ ಈ ಕುಟುಂಬಕ್ಕೆ 1905ರಲ್ಲಿ ಅಲ್ಲಿನ ಪೌರತ್ವವೂ ಲಭಿಸಿತು. ನಾರ್ವೆ ಸ್ವೀಡನ್ನಿನಿಂದ ಬೇರ್ಪಟ್ಟು ಸ್ವತಂತ್ರ ರಾಜ್ಯವಾದದ್ದೂ ಅದೇ ವರ್ಷ.

ತರುಣ ವಿಕ್ಟರ್‌ಗೆ ಗುರುವಾಗಿ ದೊರೆತವರು ಬ್ರೋಗರ್ ಎಂಬ ಹೆಸರಾಂತ ಭೂವಿಜ್ಞಾನಿ. ಕುದಿಯುವ ಶಿಲಾರಸ ಮೇಲೇರಿ ಬಂದು ಹಳೆಯ ಬಂಡೆಗಳಿಗೆ ತಾಗಿದಾಗ ಆ ಬಂಡೆಗಳು ಹೇಗೆ ಮಾರ್ಪಡುತ್ತವೆ ಎಂಬುದನ್ನು ಕ್ರಿಸ್ಟಿಯಾನಿಯಾದ ಸುತ್ತಣ ಬೆಟ್ಟಗಳಲ್ಲಿ ಅಲೆದು ಅಭ್ಯಸಿಸಿದ ಶಿಷ್ಯ, 1911ರಲ್ಲಿ ಆ ವಿಷಯದ ಮೇಲೆ ಡಾಕ್ಟರೇಟ್ ಪಡೆದರು. ಆಗ ಅವರ ವಯಸ್ಸು 23. ಮೂರೇ ವರ್ಷಗಳಲ್ಲಿ, 1914ರಲ್ಲಿ, ಅವರು ಅಲ್ಲಿಯ ಪ್ರಾಧ್ಯಾಪಕರೂ ಖನಿಜಶಾಸ್ತ್ರ ಸಂಸ್ಥೆಯ ನಿರ್ದೇಶಕರೂ ಆದರು. ಒಂದೇ ವಿಶ್ವವಿದ್ಯಾನಿಲಯದಲ್ಲಿ ತಂದೆ ಮಗ ಇಬ್ಬರೂ ಪ್ರಾಧ್ಯಾಪಕರು. ಅಂತಹ ಭಾಗ್ಯ ಎಷ್ಟು ಮನೆಗಳಿಗೆ ಒದಗೀತು!

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಮೊದಲಾಯಿತು. ನಾರ್ವೆ ತಟಸ್ಥ ರಾಷ್ಟ್ರವಾದರೂ ಹೊರಗಿನಿಂದ ಬರಬೇಕಾದ ಕಚ್ಚಾ ಸಾಮಗ್ರಿ ನಿಂತುಹೋಯಿತು. ಬೇಕಾದುದನ್ನು ಸ್ವಂತ ನೆಲದಲ್ಲೇ ಹುಡುಕಬೇಕಾಗಿ ಬಂದಾಗ, ಸರಕಾರ 1917ರಲ್ಲಿ ಕಚ್ಚಾ ಸಾಮಗ್ರಿಗಳ ಪ್ರಯೋಗಾಲಯವೊಂದನ್ನು ಗೋಲ್ಡ್‌ಶ್ಮಿಟ್ ಅವರಿಗೆ ಒಪ್ಪಿಸಿತು. ಹಸಿರು ಬಣ್ಣದ ಆಲಿವೀನ್ ಎಂಬ ಖನಿಜದಿಂದ ಕುಲುಮೆಗಳಿಗೆ ಬೇಕಾದ, ಉರಿಗೆ ಕರಗದ ಇಟ್ಟಿಗೆಗಳನ್ನು ಮಾಡಬಹುದೆಂದು ಅವರು ತೋರಿಸಿದರು. ಮುಂದೆ ಅದು ನಾರ್ವೆಯ ಒಂದು ದೊಡ್ಡ ಉದ್ಯಮವೇ ಆಯಿತು. ಕೊರತೆಯ ಕಾಲದ ಈ ಹುಡುಕಾಟದ ಜೊತೆಜೊತೆಗೆ ಅವರ ಮನಸ್ಸಿನಲ್ಲಿ ಒಂದು ಹಿರಿಯ ಪ್ರಶ್ನೆ ಬೇರೂರಿತು. ಯಾವ ಧಾತು ಎಲ್ಲಿದೆ ಎಂದು ಕಂಡಲ್ಲಿ ಕಂಡಂತೆ ಪಟ್ಟಿ ಮಾಡುವುದಕ್ಕಿಂತ, ಅದು ಅಲ್ಲಿಯೇ ಇರಲು ಕಾರಣವಾದ ನಿಯಮವನ್ನೇ ಕಂಡುಹಿಡಿಯಲು ಸಾಧ್ಯವಿಲ್ಲವೇ?

ಅವರಿಗಿಂತ ಮುಂಚೆ ಈ ದಾರಿಯಲ್ಲಿ ನಡೆದವರು ಇರಲಿಲ್ಲವೆಂದಲ್ಲ. ಅಮೆರಿಕದ ಕ್ಲಾರ್ಕ್ ಸಾವಿರಾರು ಬಂಡೆಗಳ ವಿಶ್ಲೇಷಣೆಯನ್ನು ಒಟ್ಟುಗೂಡಿಸಿ ಭೂಮಿಯ ಹೊರಪದರದ ಸರಾಸರಿಯನ್ನು ಲೆಕ್ಕ ಹಾಕಿದ್ದರು. ರಷ್ಯಾದಲ್ಲಿ ವೆರ್ನಾಡ್‌ಸ್ಕಿಯವರು ಧಾತುಗಳ ಸಂಚಾರವನ್ನು ಕುರಿತು ಆಳವಾಗಿ ಚಿಂತಿಸಿದ್ದರು. ಆದರೆ ನಿಯಮವನ್ನು ಅರಿಯಲು ಬೇಕಾದ ಹೊಸ ಕಣ್ಣು ದೊರೆತದ್ದು 1912ರ ಅನಂತರವೇ. ಕ್ಷ-ಕಿರಣಗಳನ್ನು ಸ್ಫಟಿಕದ ಮೂಲಕ ಹಾಯಿಸಿ ಅದರೊಳಗೆ ಪರಮಾಣುಗಳು ಯಾವ ಅಂತರದಲ್ಲಿ, ಯಾವ ಕ್ರಮದಲ್ಲಿ ಕುಳಿತಿವೆ ಎಂದು ಅಳೆಯುವ ವಿದ್ಯೆ ಆಗ ಬೆಳಕಿಗೆ ಬಂತು. ಗೋಲ್ಡ್‌ಶ್ಮಿಟ್ ಮತ್ತು ಅವರ ಶಿಷ್ಯರು ಇದನ್ನು ಕೈವಶ ಮಾಡಿಕೊಂಡು, ನೂರಾರು ಸಂಯುಕ್ತಗಳನ್ನು ಅಳೆದು, 1926ರಲ್ಲಿ ಅಯಾನುಗಳ ಗಾತ್ರದ ಪಟ್ಟಿಯೊಂದನ್ನು ಪ್ರಕಟಿಸಿದರು.

ಆ ಪಟ್ಟಿಯ ಮಹತ್ವವನ್ನು ನಮಗೆ ತಿಳಿದ ಮಟ್ಟಿಗೆ ಹೇಳುತ್ತೇವೆ. ಖನಿಜವೆಂದರೆ ಅಯಾನುಗಳು ಸಾಲು ಸಾಲಾಗಿ ಕುಳಿತ ಒಂದು ಸಭಾಂಗಣ. ಪ್ರತಿಯೊಂದು ಆಸನಕ್ಕೂ ಇಂತಿಷ್ಟೇ ಅಗಲ. ಕಾಯ್ದಿರಿಸಿದವರು ಬಾರದಿದ್ದರೆ ಅಷ್ಟೇ ಮೈಕಟ್ಟಿನ, ಹೆಚ್ಚುಕಡಿಮೆ ಅಷ್ಟೇ ವಿದ್ಯುದಂಶದ ಇನ್ನೊಬ್ಬರು ಅಲ್ಲಿ ಕುಳಿತುಕೊಳ್ಳಬಹುದು. ಆಲಿವೀನ್‌ನಲ್ಲಿ ಮೆಗ್ನೀಶಿಯಂನ ಜಾಗದಲ್ಲಿ ನಿಕ್ಕಲ್ ಕೂರುತ್ತದೆ. ಫೆಲ್ಡ್‌ಸ್ಪಾರ್‌ನಲ್ಲಿ ಪೊಟ್ಯಾಸಿಯಂನ ಜಾಗದಲ್ಲಿ ರುಬಿಡಿಯಂ ಕೂರುತ್ತದೆ. ಅಲ್ಯುಮಿನಿಯಂ ಇರುವೆಡೆಯಲ್ಲೆಲ್ಲ ಗ್ಯಾಲಿಯಂ ಒಂದಿಷ್ಟು ಬೆರೆತಿರುತ್ತದೆ. ಭೂಮಿಯ ಹೊರಪದರದಲ್ಲಿ ಬೆಳ್ಳಿಗಿಂತ ಗ್ಯಾಲಿಯಂ ಎಷ್ಟೋ ಪಾಲು ಹೆಚ್ಚು. ಆದರೂ ಅದು ಅಪರೂಪದ ಧಾತುವೆಂದು ಹೆಸರಾಗಿತ್ತು. ಕಾರಣ, ಬೆಳ್ಳಿ ತನ್ನದೇ ಅದಿರಾಗಿ ಒಂದೆಡೆ ಕೂಡಿಕೊಳ್ಳುತ್ತದೆ, ಗ್ಯಾಲಿಯಂ ಇನ್ನೊಬ್ಬರ ಮನೆಯಲ್ಲಿ ಚದುರಿ ಅಡಗಿಕೊಳ್ಳುತ್ತದೆ. ಗಾತ್ರದಲ್ಲಿ ಯಾರಿಗೂ ಹೊಂದದೆ ಉಳಿದ ಬೆರಿಲಿಯಂ, ಸೀಸಿಯಂ, ಟಾಂಟಲಂನಂತಹ ಧಾತುಗಳು ಶಿಲಾರಸವು ಗಟ್ಟಿಯಾಗುವಾಗ ಕಟ್ಟಕಡೆಯ ದ್ರವದಲ್ಲಿ ಒಟ್ಟುಗೂಡಿ, ಪೆಗ್ಮಟೈಟ್ ಎಂಬ ದಪ್ಪಹರಳಿನ ಶಿಲೆಯಲ್ಲಿ ನೆಲೆಸುತ್ತವೆ. ಧಾತುಗಳನ್ನು ಅವರು ಕಬ್ಬಿಣಪ್ರಿಯ, ಗಂಧಕಪ್ರಿಯ, ಶಿಲಾಪ್ರಿಯ, ವಾಯುಪ್ರಿಯ ಎಂದು ನಾಲ್ಕು ಕುಲಗಳಾಗಿ ವಿಂಗಡಿಸಿದ್ದು ಇಂದಿಗೂ ವಿದ್ಯಾರ್ಥಿಗಳ ಮೊದಲ ಪಾಠ. ಚಿನ್ನ ಕಬ್ಬಿಣಪ್ರಿಯ ಕುಲಕ್ಕೆ ಸೇರಿದ್ದು. ಆದ್ದರಿಂದಲೇ ಅದರ ಬಹುಪಾಲು ಭೂಗರ್ಭದ ಕಬ್ಬಿಣದ ತಿರುಳಿಗೆ ಇಳಿದುಹೋಗಿ, ನಮ್ಮ ಪಾಲಿಗೆ ಉಳಿದದ್ದು ಅತ್ಯಲ್ಪ.

ನಿಯಮವನ್ನು ಊಹಿಸಿದರೆ ಸಾಲದು, ಅಳೆದು ತೋರಿಸಬೇಕು. ಈ ಅಳತೆಯ ಕೆಲಸ ಪರಾಕಾಷ್ಠೆಗೆ ಏರಿದ್ದು 1929ರಲ್ಲಿ ಅವರು ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾನಿಲಯಕ್ಕೆ ಪ್ರಾಧ್ಯಾಪಕರಾಗಿ ಹೋದ ಮೇಲೆ. ಲೇಶಮಾತ್ರ ಇರುವ ಲೋಹವನ್ನು ತಕ್ಕಡಿಯಲ್ಲಿ ತೂಗಲಾಗದು. ಹಳೆಯ ರಾಸಾಯನಿಕ ವಿಧಾನದಲ್ಲಿ ಒಂದೊಂದು ಧಾತುವನ್ನು ಬೇರ್ಪಡಿಸಲು ದಿನಗಟ್ಟಲೆ ಹಿಡಿಯುತ್ತಿತ್ತು, ಅಷ್ಟಾದರೂ ತೀರ ಕಿರಿದಾದ ಅಂಶ ಕೈಗೆ ಸಿಗುತ್ತಿರಲಿಲ್ಲ. ಗಾಟಿಂಗನ್ನಿನಲ್ಲಿ ಅವರು ಮತ್ತು ಸಂಗಡಿಗರು ಬೆಳಕನ್ನೇ ತಕ್ಕಡಿಯಾಗಿಸಿದರು. ಬಂಡೆಯನ್ನು ನುಣ್ಣಗೆ ಅರೆದು, ಅದರ ಚಿಟಿಕೆ ಪುಡಿಯನ್ನು ಇಂಗಾಲದ ಕಡ್ಡಿಯ ತುದಿಯ ಗುಳಿಯಲ್ಲಿಟ್ಟು, ಎದುರಿಗೆ ಇನ್ನೊಂದು ಕಡ್ಡಿ ಹಿಡಿದು ವಿದ್ಯುತ್ ಹಾಯಿಸಿದರೆ ಎರಡರ ನಡುವೆ ಕಣ್ಣು ಕೋರೈಸುವ ಕಮಾನು ಹೊತ್ತಿಕೊಳ್ಳುತ್ತದೆ. ಆ ಉರಿಯಲ್ಲಿ ಪುಡಿ ಆವಿಯಾಗುತ್ತದೆ. ಪ್ರತಿಯೊಂದು ಧಾತುವೂ ತನ್ನದೇ ಬಣ್ಣದ ಗೆರೆಗಳನ್ನು ಬೆಳಕಿನಲ್ಲಿ ಸೂಸುತ್ತದೆ. ಆ ಬೆಳಕನ್ನು ರೋಹಿತವಾಗಿ ಬಿಡಿಸಿ ಛಾಯಾಚಿತ್ರದ ಫಲಕದ ಮೇಲೆ ಹಿಡಿದರೆ, ಯಾವ ಗೆರೆ ಇದೆ ಎಂಬುದರಿಂದ ಧಾತು ಯಾವುದೆಂದೂ ಗೆರೆ ಎಷ್ಟು ಗಾಢವಾಗಿದೆ ಎಂಬುದರಿಂದ ಅದರ ಪ್ರಮಾಣವೆಷ್ಟೆಂದೂ ತಿಳಿಯುತ್ತದೆ. ಪ್ರಮಾಣ ಮೊದಲೇ ಗೊತ್ತಿರುವ ಮಿಶ್ರಣಗಳನ್ನು ತಯಾರಿಸಿಕೊಂಡು ಅವುಗಳ ಗೆರೆಗಳೊಡನೆ ಹೋಲಿಸಬೇಕು. ಅಕ್ಕಸಾಲಿಗರು ಶುದ್ಧತೆ ತಿಳಿದ ಕಡ್ಡಿಯ ಗೆರೆಯನ್ನು ಒಡವೆಯ ಗೆರೆಯ ಪಕ್ಕದಲ್ಲಿ ಎಳೆದು ನೋಡುವಂತೆಯೇ. ಕಮಾನಿನಲ್ಲಿ ಋಣಧ್ರುವದ ಹತ್ತಿರದ ಬೆಳಕು ಹೆಚ್ಚು ಗಾಢವೆಂಬುದನ್ನು ಅಲ್ಲಿನ ಮಾನ್‌ಕೋಫ್ ಮತ್ತು ಪೀಟರ್ಸ್ 1931ರಲ್ಲಿ ಬಳಕೆಗೆ ತಂದ ಮೇಲೆ ಈ ತಕ್ಕಡಿ ಇನ್ನಷ್ಟು ಸೂಕ್ಷ್ಮವಾಯಿತು. ಎಷ್ಟೋ ಧಾತುಗಳು ಹತ್ತು ಲಕ್ಷದಲ್ಲಿ ಕೆಲವೇ ಪಾಲು ಇದ್ದರೂ ಪತ್ತೆಯಾದವು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಹತ್ತು ಲಕ್ಷ ರೂಪಾಯಿಯ ಕಂತೆಗಳ ನಡುವೆ ಬೆರೆತ ಒಂದೆರಡು ರೂಪಾಯಿಯ ನಾಣ್ಯವನ್ನು ಗುರುತಿಸಿ ಲೆಕ್ಕಕ್ಕೆ ತಂದಂತೆ.

ಈ ಸಾಧನದಿಂದ ಅವರು ಕಂಡ ಅಚ್ಚರಿಗಳಲ್ಲಿ ಜರ್ಮೇನಿಯಂನ ಕಥೆ ಸ್ವಾರಸ್ಯವಾದುದು. 1886ರಲ್ಲಿ ಪತ್ತೆಯಾದ ಈ ಧಾತು ಎಲ್ಲೋ ಕೆಲವು ವಿರಳ ಖನಿಜಗಳಲ್ಲಿ ಮಾತ್ರ ದೊರೆಯುತ್ತಿತ್ತು. ಗೋಲ್ಡ್‌ಶ್ಮಿಟ್ ಅದನ್ನು ಇಂಗ್ಲೆಂಡಿನ ಕೆಲವು ಕಲ್ಲಿದ್ದಲುಗಳ ಬೂದಿಯಲ್ಲಿ ಕಂಡರು, ಅದೂ ಬಂಡೆಗಳಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ. ಕಾರಣವನ್ನೂ ಅವರು ಯೋಚಿಸಿದರು. ಮರದ ಬೇರು ಆಳದ ನೀರಿನೊಡನೆ ಲೇಶ ಲೋಹಗಳನ್ನೂ ಹೀರುತ್ತದೆ. ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ, ಲೋಹ ಎಲೆಯಲ್ಲೇ ಉಳಿಯುತ್ತದೆ. ಎಲೆ ಉದುರಿ ಕೊಳೆತು ಮೇಲ್ಮಣ್ಣಿಗೆ ಸೇರುತ್ತದೆ. ವರ್ಷ ವರ್ಷವೂ ಹೀಗೆಯೇ ನಡೆದಾಗ ಆಳದ ಗುಟ್ಟು ಮೇಲ್ಮಣ್ಣಿನಲ್ಲಿ ಬಯಲಾಗುತ್ತದೆ. ಹಾಗಿದ್ದರೆ ಮಣ್ಣನ್ನೂ ಎಲೆಯನ್ನೂ ಅಳೆದು ಕೆಳಗಿನ ಅದಿರನ್ನು ಊಹಿಸಬಹುದಲ್ಲವೇ? 1930ರ ದಶಕದಲ್ಲಿ ಸೋವಿಯತ್ ಒಕ್ಕೂಟದಲ್ಲಿಯೂ ಸ್ಕ್ಯಾಂಡಿನೇವಿಯಾದ ನಾಡುಗಳಲ್ಲಿಯೂ ಇಂತಹ ಶೋಧ ಮೊದಲಾಯಿತು. ಭೂರಾಸಾಯನಿಕ ಅನ್ವೇಷಣೆಯೆಂದು ಇಂದು ಕರೆಯುವ ವಿದ್ಯೆಯ ಬೇರುಗಳು ಅಲ್ಲಿವೆ. ಇನ್ನು ಜರ್ಮೇನಿಯಂ? ಜಗತ್ತಿನ ಮೊಟ್ಟಮೊದಲ ಟ್ರಾನ್ಸಿಸ್ಟರ್ ರೂಪುಗೊಂಡದ್ದು ಅದರಿಂದಲೇ, 1947ರ ಡಿಸೆಂಬರಿನಲ್ಲಿ. ಅದನ್ನು ಕಾಣಲು ಗೋಲ್ಡ್‌ಶ್ಮಿಟ್ ಉಳಿದಿರಲಿಲ್ಲ.

ಗಾಟಿಂಗನ್ನಿನ ಸುಖದ ದಿನಗಳು ಬಹುಕಾಲ ಬಾಳಲಿಲ್ಲ. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಅಂದಿನವರೆಗೆ ಪ್ರಾಧ್ಯಾಪಕರೆಂದು ತಲೆಬಾಗುತ್ತಿದ್ದ ಊರು ಯಹೂದಿ ಎಂದು ಬೆರಳು ತೋರಿಸತೊಡಗಿತು. 1935ರಲ್ಲಿ ಯಹೂದಿಗಳು ಇಲ್ಲಿ ಬೇಡವೆಂಬ ಫಲಕ ಆ ಊರಿನಲ್ಲಿ ಎದ್ದು ನಿಂತಾಗ ಗೋಲ್ಡ್‌ಶ್ಮಿಟ್ ಹುದ್ದೆಗೆ ರಾಜೀನಾಮೆಯಿತ್ತು, ವೃದ್ಧ ತಂದೆಯನ್ನು ಕರೆದುಕೊಂಡು ನಾರ್ವೆಗೆ ಮರಳಿದರು. ಓಸ್ಲೋ ಅವರನ್ನು ಮತ್ತೆ ಪ್ರಾಧ್ಯಾಪಕರಾಗಿ ಬರಮಾಡಿಕೊಂಡಿತು. ಎರಡು ವರ್ಷಗಳಲ್ಲಿ ತಂದೆ ತೀರಿಕೊಂಡರು. ವಿವಾಹವಾಗದ ವಿಕ್ಟರ್ ಒಂಟಿಯಾದರು. ಆ ಒಂಟಿತನದಲ್ಲೇ, 1938ರಲ್ಲಿ, ಉಲ್ಕಾಶಿಲೆಗಳ ವಿಶ್ಲೇಷಣೆಯನ್ನೂ ಸೂರ್ಯ ನಕ್ಷತ್ರಗಳ ರೋಹಿತವನ್ನೂ ಜೊತೆಗಿಟ್ಟುಕೊಂಡು ಇಡೀ ವಿಶ್ವದಲ್ಲಿ ಧಾತುಗಳ ಪ್ರಮಾಣವೆಷ್ಟೆಂಬ ಪಟ್ಟಿಯನ್ನು ಅವರು ಹೊರತಂದರು. ಪರಮಾಣು ಬೀಜದ ರಚನೆಯನ್ನು ವಿವರಿಸಿ 1963ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಮರಿಯಾ ಗೆಪರ್ಟ್ ಮೇಯರ್ ಅವರ ವಾದಕ್ಕೆ ಈ ಪಟ್ಟಿಯೂ ಒಂದು ಆಧಾರವಾಯಿತು. ಗೋಲ್ಡ್‌ಶ್ಮಿಟ್ ಅವರ ಹೆಸರು ಹಲವು ಬಾರಿ ನೊಬೆಲ್‌ಗೆ ಸೂಚಿತವಾದರೂ ಪ್ರಶಸ್ತಿ ಒಲಿಯಲಿಲ್ಲ.

1940ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ನಾರ್ವೆಗೂ ನುಗ್ಗಿತು. ತಾವು ಬಿಟ್ಟು ಬಂದ ಫಲಕವೇ ಬೆನ್ನಟ್ಟಿ ಬಂದಂತಾಯಿತು. ಅಂದಿನ ದಿನಗಳಲ್ಲಿ ಅವರು ಜೇಬಿನಲ್ಲಿ ವಿಷದ ಗುಳಿಗೆಯೊಂದನ್ನು ಇಟ್ಟುಕೊಂಡು ಓಡಾಡುತ್ತಿದ್ದರಂತೆ. ಸಹೋದ್ಯೋಗಿಯೊಬ್ಬರು ತಮಗೂ ಒಂದು ಬೇಕೆಂದಾಗ, ಇದು ರಸಾಯನಶಾಸ್ತ್ರದ ಪ್ರಾಧ್ಯಾಪಕರಿಗೆ ಮಾತ್ರ ಮೀಸಲು, ಯಂತ್ರಶಾಸ್ತ್ರದವರಾದ ತಾವು ಹಗ್ಗವನ್ನು ನೋಡಿಕೊಳ್ಳಬೇಕು ಎಂದು ನಗುತ್ತ ಹೇಳಿದರೆಂಬ ಪ್ರಸಂಗ ಅವರ ಪರಿಚಿತರ ಬಾಯಲ್ಲಿ ಉಳಿದುಬಂದಿದೆ. ಆ ನಗೆಯ ಹಿಂದಿನ ಭಯವನ್ನು ನಾವು ಊಹಿಸಬಲ್ಲೆವು.

1942ರ ಅಕ್ಟೋಬರ್ 26ರಂದು ಅವರನ್ನು ಬಂಧಿಸಿ ಬರ್ಗ್ ಎಂಬಲ್ಲಿನ ಶಿಬಿರಕ್ಕೆ ಒಯ್ದರು. ಆಸ್ತಿಪಾಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡರು. ಕಾಯಿಲೆಯ ಕಾರಣ ಕೆಲವು ದಿನ ಬಿಡುಗಡೆ ದೊರೆಯಿತಾದರೂ ಮತ್ತೆ ಹಿಡಿದರು. ನವೆಂಬರ್ 26ರಂದು ಓಸ್ಲೋ ಬಂದರಿನಲ್ಲಿ ಡೊನಾವ್ ಎಂಬ ಹಡಗು ನಿಂತಿತ್ತು. ಯಹೂದಿ ಸಂಸಾರಗಳನ್ನು, ಮುದುಕರನ್ನು, ಎಳೆಯ ಮಕ್ಕಳನ್ನು ಅದಕ್ಕೆ ಹತ್ತಿಸಲಾಗುತ್ತಿತ್ತು. ಆ ಸಾಲಿನಲ್ಲಿ ಗೋಲ್ಡ್‌ಶ್ಮಿಟ್ ಕೂಡ ನಿಂತಿದ್ದರು. ಕಡೆಯ ಗಳಿಗೆಯಲ್ಲಿ ಅವರನ್ನು ಸಾಲಿನಿಂದ ಹೊರಗೆ ಕರೆಯಲಾಯಿತು. ಇವರ ಜ್ಞಾನ ದೇಶಕ್ಕೆ ಉಪಯುಕ್ತವೆಂದು ಸಹೋದ್ಯೋಗಿಗಳು ಅಧಿಕಾರಿಗಳಿಗೆ ಮನವರಿಕೆ ಮಾಡಿಕೊಟ್ಟಿದ್ದರು. ಹಡಗು ಹೊರಟಿತು. ಅದರಲ್ಲಿದ್ದ 532 ಮಂದಿಯಲ್ಲಿ ಆಶ್‌ವಿಟ್ಸ್‌ನಿಂದ ಜೀವಸಹಿತ ಮರಳಿದವರು ಬೆರಳೆಣಿಕೆಯಷ್ಟು.

ಈ ಘಟ್ಟದಲ್ಲಿ ನಾವು ಓದುವುದನ್ನು ನಿಲ್ಲಿಸಿ ಬಹಳ ಹೊತ್ತು ಸುಮ್ಮನೆ ಕುಳಿತೆವು. ಅಂದಿನ ನಾರ್ವೆಯ ಜನಸಂಖ್ಯೆ ಸುಮಾರು 30 ಲಕ್ಷ. ಅದರಲ್ಲಿ ಯಹೂದಿಗಳು ಸುಮಾರು 2,100. ಸಾವಿರದಲ್ಲಿ ಒಬ್ಬರೂ ಅಲ್ಲ. ಅಂತಹ ಲೇಶ ಸಮುದಾಯವನ್ನು ಹುಡುಕಿ ಹುಡುಕಿ ಹೊರದೂಡಲು ಒಂದು ಆಡಳಿತ ಅಷ್ಟೊಂದು ಶ್ರಮ ವಹಿಸಿತು. ಅವರಲ್ಲಿ ಒಬ್ಬರಿಗೆ ಬೆಲೆ ಕಟ್ಟಿ ಉಳಿಸಿಕೊಂಡಿತು. ಉಳಿದವರ ಬೆಲೆಯನ್ನು ಸೊನ್ನೆಯೆಂದು ಬರೆಯಿತು. ಹತ್ತು ಲಕ್ಷದಲ್ಲಿ ಒಂದು ಪಾಲು ಇದ್ದರೂ ಅದು ಸೊನ್ನೆಯಲ್ಲ, ಅದಕ್ಕೂ ಒಂದು ಸ್ಥಾನವಿದೆ, ಆ ಸ್ಥಾನಕ್ಕೊಂದು ಕಾರಣವಿದೆ ಎಂದು ಜೀವಮಾನವಿಡೀ ತೋರಿಸಿಕೊಟ್ಟ ವ್ಯಕ್ತಿ ಆ ಬಂದರಿನಲ್ಲಿ ನಿಂತು ಹಡಗು ದೂರವಾಗುವಾಗ ಏನನ್ನು ನೆನೆದಿರಬಹುದು? ಬೇರೊಂದು ನಾಡಿನಲ್ಲಿ ಅಲ್ಪಸಂಖ್ಯೆಯಲ್ಲಿ ಬದುಕುತ್ತ, ನೆರೆಯವರ ಸೌಜನ್ಯವನ್ನು ಉಂಡು ಬೆಳೆದ ನಮಗೆ ಈ ಪ್ರಶ್ನೆ ಸುಲಭವಾಗಿ ಬಿಟ್ಟುಹೋಗುವಂತಹುದಲ್ಲ.

ಬಿಡುಗಡೆ ತಾತ್ಕಾಲಿಕವೆಂದು ಅವರಿಗೆ ತಿಳಿದಿತ್ತು. ಡಿಸೆಂಬರಿನಲ್ಲಿ ಗುಪ್ತ ಪ್ರತಿರೋಧ ಪಡೆಯವರ ನೆರವಿನಿಂದ ಗಡಿ ದಾಟಿ ಸ್ವೀಡನ್ ಸೇರಿದರು; 1943ರ ಮಾರ್ಚ್‌ನಲ್ಲಿ ಅಲ್ಲಿಂದ ಬ್ರಿಟನ್ನಿಗೆ ಬಂದರು. ಸ್ಕಾಟ್‌ಲೆಂಡಿನ ಅಬರ್ಡೀನ್ ಬಳಿಯ ಮೆಕಾಲೆ ಮಣ್ಣು ಸಂಶೋಧನ ಸಂಸ್ಥೆಯಲ್ಲಿ, ತರುವಾಯ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿ ಅವರಿಗೆ ಆಶ್ರಯ ದೊರೆಯಿತು. ಬಂಡೆಯಲ್ಲಿ ಹುಡುಕಿದ ಲೇಶ ಲೋಹಗಳನ್ನು ಅಲ್ಲಿ ಮಣ್ಣಿನಲ್ಲಿ, ಬೆಳೆಯಲ್ಲಿ ಹುಡುಕಿದರು. ಶಿಬಿರದ ಬವಣೆಯಿಂದ ದೇಹ ಜರ್ಜರಿತವಾಗಿತ್ತು, ಹೃದಯ ದುರ್ಬಲವಾಗಿತ್ತು. ಆದರೂ ತಮ್ಮ ಜೀವನದ ಅರಿವನ್ನೆಲ್ಲ ಒಂದು ಮಹಾಗ್ರಂಥವಾಗಿ ಬರೆಯುತ್ತಲೇ ಇದ್ದರು. ಯುದ್ಧ ಮುಗಿದು 1946ರಲ್ಲಿ ಓಸ್ಲೋಗೆ ಹಿಂದಿರುಗಿದರು. 1947ರ ಮಾರ್ಚ್ 20ರಂದು, 59ನೆಯ ವಯಸ್ಸಿನಲ್ಲಿ ನಿಧನರಾದರು. ಪೂರ್ಣವಾಗದೆ ಉಳಿದ ಹಸ್ತಪ್ರತಿಯನ್ನು ಅಲೆಕ್ಸ್ ಮ್ಯೂರ್ ಎಂಬವರು ಸಂಪಾದಿಸಿ, 1954ರಲ್ಲಿ ಜಿಯೋಕೆಮಿಸ್ಟ್ರಿ ಎಂಬ ಹೆಸರಿನಿಂದ ಪ್ರಕಟಿಸಿದರು.

ಅವರ ಊಹೆಗಳೆಲ್ಲವೂ ನಿಂತವೆಂದು ಹೇಳಲಾಗದು. ಭೂಮಿಯ ತಿರುಳಿಗೂ ಹೊರಪದರಕ್ಕೂ ನಡುವೆ ಗಂಧಕದ ಸಂಯುಕ್ತಗಳ ದಪ್ಪ ಪದರವೊಂದಿದೆಯೆಂಬ ಅವರ ಕಲ್ಪನೆಯನ್ನು ಮುಂದಿನ ವಿಜ್ಞಾನ ಕೈಬಿಟ್ಟಿತು. ಅಯಾನುಗಳ ಗಾತ್ರವನ್ನು ಪೌಲಿಂಗ್ ಮೊದಲಾದವರು ತಿದ್ದಿದರು. ಗಾಟಿಂಗನ್ನಿನ ಕಮಾನಿನ ಜಾಗಕ್ಕೆ 1955ರಿಂದೀಚೆಗೆ ಆಸ್ಟ್ರೇಲಿಯದಲ್ಲಿ ಅಲನ್ ವಾಲ್ಶ್ ರೂಪಿಸಿದ ಪರಮಾಣು ಹೀರಿಕೆಯ ವಿಧಾನ ಬಂತು. ಅನಂತರ ಪ್ಲಾಸ್ಮಾ ಉರಿಯ ಯಂತ್ರಗಳು ಬಂದು ನೂರು ಕೋಟಿಯಲ್ಲಿ ಒಂದು ಪಾಲನ್ನೂ ಎಣಿಸತೊಡಗಿದವು. ಆದರೆ ಅಳತೆಯ ಹಿಂದಿರುವ ಆಲೋಚನೆ ಅವರದೇ. ನಾರ್ವೆಯ ಹೊರಪದರದ ಸರಾಸರಿಯನ್ನು ತಿಳಿಯಲು ಅವರು ಬಂಡೆ ಬಂಡೆಯನ್ನೂ ಒಡೆಯುವ ಬದಲು ಹಿಮನದಿಗಳು ಅರೆದು ಬೆರೆಸಿ ಬಿಟ್ಟುಹೋದ ಜೇಡಿಯನ್ನು ಪರೀಕ್ಷಿಸಿದರು; ನಿಸರ್ಗವೇ ಮಾದರಿಯನ್ನು ಸಿದ್ಧಪಡಿಸಿಟ್ಟಿತ್ತು. ಇಂದು ನಮ್ಮ ದೇಶದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ನೆಲವನ್ನು 2 ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ, ಹಳ್ಳತೊರೆಗಳ ಹೂಳನ್ನು ಸಂಗ್ರಹಿಸಿ, ಅದರಲ್ಲಿನ ಲೇಶ ಲೋಹಗಳನ್ನು ಅಳೆದು ನಕ್ಷೆ ಬರೆಯುತ್ತಿರುವುದೂ ಅದೇ ತತ್ವದ ಮೇಲೆ. ಹಳ್ಳವು ತನ್ನ ಮೇಲ್ಭಾಗದ ಗುಡ್ಡಗಳನ್ನೆಲ್ಲ ಸವೆಸಿ ತಂದಿರುತ್ತದೆ. ಅದರ ಒಂದು ಹಿಡಿ ಹೂಳು ಇಡೀ ಗುಡ್ಡದ ಸಾಕ್ಷಿ ನುಡಿಯುತ್ತದೆ.

ನಮ್ಮ ಕನ್ನಡ ನಾಡಿಗೂ ಈ ವಿದ್ಯೆಗೂ ನಂಟಿದೆ. ಹೊರಪದರದ ಸಾಮಾನ್ಯ ಬಂಡೆಯಲ್ಲಿ ಟನ್ನಿಗೆ ಕೆಲವೇ ಮಿಲಿಗ್ರಾಂ ಚಿನ್ನವಿದ್ದರೆ, ರಾಯಚೂರು ಜಿಲ್ಲೆಯ ಹಟ್ಟಿಯಂತಹ ಗಣಿಯ ಅದಿರಿನಲ್ಲಿ ಟನ್ನಿಗೆ ಕೆಲವು ಗ್ರಾಂ ಇರುತ್ತದೆ. ಆ ಸಾವಿರ ಪಾಲಿನ ಅಂತರವೇ ಗಣಿಯನ್ನು ಬಂಡೆಯಿಂದ ಬೇರ್ಪಡಿಸುವ ಗೆರೆ. ಆ ಗೆರೆಗಿಂತ ಇಳಿದರೆ ಗಣಿ ಬಾಳದು. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದಾಗ ಎಷ್ಟು ಸಂಸಾರಗಳ ಬದುಕು ಬದಲಾಯಿತೆಂಬುದನ್ನು ಬಲ್ಲೆವು. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದ ಬಳಿ ಪೆಗ್ಮಟೈಟ್ ಶಿಲೆಗಳಲ್ಲಿ ಲಿಥಿಯಂ ಇರುವುದನ್ನು ಪರಮಾಣು ಖನಿಜಗಳ ನಿರ್ದೇಶನಾಲಯದವರು ಗುರುತಿಸಿದರು. ಅದರ ಪ್ರಾಥಮಿಕ ಅಂದಾಜು 1,600 ಟನ್ ಎಂದು 2021ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಕಟ್ಟಕಡೆಯ ದ್ರವದಲ್ಲಿ ವಿರಳ ಧಾತುಗಳು ಒಟ್ಟುಗೂಡುತ್ತವೆಂಬ ಆ ಹಳೆಯ ಪಾಠವೇ ಅಲ್ಲಿಯೂ ದಾರಿದೀಪ.

ಇದನ್ನು ಬರೆಯುವ ಹೊತ್ತಿಗೆ ನಮ್ಮ ಮನೆಯ ಷೋಕೇಸಿನಲ್ಲಿರುವ ಒಂದು ಕಲ್ಲಿನ ಕಡೆ ಕಣ್ಣು ಹೋಯಿತು. ಊರಿನ ಹೊಳೆಯ ದಂಡೆಯಿಂದ ಎಂದೋ ಆಯ್ದು ತಂದದ್ದು. ಇಷ್ಟು ವರ್ಷ ಅದು ನಮಗೆ ಬರಿಯ ನೆನಪಿನ ವಸ್ತುವಾಗಿತ್ತು. ಅದರೊಳಗೂ ಒಂದಿಷ್ಟು ನಿಕ್ಕಲ್, ಒಂದಿಷ್ಟು ಗ್ಯಾಲಿಯಂ, ಲೆಕ್ಕಕ್ಕೆ ಸಿಗದಷ್ಟು ಚಿನ್ನ ತಮ್ಮ ತಮ್ಮ ಆಸನಗಳಲ್ಲಿ ಕುಳಿತಿವೆಯೆಂದು ಈಗ ತಿಳಿದಿದೆ. ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಮಕ್ಕಳೂ ಮೊಮ್ಮಕ್ಕಳೂ ಒಂದೊಂದು ಕಲ್ಲನ್ನು ಕೈಗೆತ್ತಿಕೊಳ್ಳಲಿ; ಈ ಕಲ್ಲು ಇಲ್ಲಿಗೆ ಹೇಗೆ ಬಂತು, ಇದರೊಳಗೆ ಏನಿದೆ ಎಂದು ಕೇಳಲಿ. ಉತ್ತರ ಹೇಳುವಾಗ ಹಿರಿಯರು ಗೋಲ್ಡ್‌ಶ್ಮಿಟ್ ಅವರ ಹೆಸರನ್ನೂ, ಆ ಹಡಗಿನಲ್ಲಿ ಹೋದವರ ನೆನಪನ್ನೂ ಜೊತೆಗೆ ಹೇಳಿದರೆ ಈ ಬರಹ ಸಾರ್ಥಕವೆಂದು ಭಾವಿಸುತ್ತೇವೆ.